ಸಾಗರದ ಡ್ರೈವಿಂಗ್ ಸ್ಕೂಲ್‌ಗೆ ಮಧ್ಯಪ್ರದೇಶದಿಂದ ಫೋನ್ ಬರುತ್ತಿದೆ, ಏನು ಮಾಡಲಿ?

ಎಲ್‌ಬೋರ್ಡ್_ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮದು ಸಾಗರದಲ್ಲಿ ಒಂದು ಚಿಕ್ಕ ಡ್ರೈವಿಂಗ್ ಸ್ಕೂಲ್. ಶಿವಮೊಗ್ಗ ಜಿಲ್ಲೆಯ ಸಾಗರ. ಜಿಲ್ಲೆಯ ಹೆಸರು ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ. ಅಪ್ಪ 1998ರಲ್ಲಿ ಒಂದು ಮಾರುತಿ 800 ಇಟ್ಟುಕೊಂಡು ಶುರು ಮಾಡಿದ್ದು. ಈಗ ಎರಡು ಕಾರು ಇವೆ. ಕಲಿಸುವವರು ನಾನು ಮತ್ತೆ ಇನ್ನೊಬ್ಬರು. ಅಪ್ಪ ಆಫೀಸಿನಲ್ಲಿ ಕೂತು ರಿಜಿಸ್ಟರ್ ಬರೆಯುತ್ತಾರೆ, ಬಂದವರ ಹತ್ತಿರ ಅಡಿಕೆ ರೇಟು ವಿಚಾರಿಸುತ್ತಾರೆ.

ಮೊದಲೆಲ್ಲ ಜನ ತಾವಾಗೇ ಬರುತ್ತಿದ್ದರು. ಅಣ್ಣ ಕಲಿತ ಜಾಗಕ್ಕೆ ತಮ್ಮ, ತಮ್ಮ ಕಲಿತ ಜಾಗಕ್ಕೆ ಅವನ ಹೆಂಡತಿ. ಈಗ ಹಾಗಿಲ್ಲ. ಹೋದ ಮಳೆಗಾಲದಲ್ಲಿ ಸೇರಿದ ಒಬ್ಬಳು ಹುಡುಗಿ, "ನಿಮ್ಮದೊಂದು ಸ್ಕೂಲ್ ಇದೆ ಅಂತಲೇ ಗೊತ್ತಿರಲಿಲ್ಲ ಮೇಡಂ, ಗೂಗಲ್‌ನಲ್ಲಿ ಬರುವುದೇ ಇಲ್ಲ" ಅಂದಳು. ಅವಳ ಮನೆ ನಮ್ಮ ಆಫೀಸಿನಿಂದ ಮೂರನೇ ಅಡ್ಡರಸ್ತೆಯಲ್ಲಿ! ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಒಂದು ಕಂಪನಿಗೆ ಎಸ್‌ಇಓ ಕೆಲಸ, ಅಂದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನಾವು ಮೇಲೆ ಕಾಣುವ ಹಾಗೆ ಮಾಡುವ ಕೆಲಸ, ಒಪ್ಪಿಸಿದೆ. ತಿಂಗಳಿಗೆ ಒಂಬತ್ತು ಸಾವಿರ, ಆರು ತಿಂಗಳ ಕರಾರು. ವೆಬ್‌ಸೈಟ್ ಮಾಡಿಕೊಟ್ಟರು. ಪೂರ್ತಿ ಇಂಗ್ಲಿಷ್. ಕನ್ನಡದಲ್ಲೂ ಬೇಕು ಅಂದಿದ್ದಕ್ಕೆ ಯಾವುದೋ ಯಂತ್ರಕ್ಕೆ ಹಾಕಿ ತೆಗೆದರು. ಅದರಲ್ಲಿ ನಮ್ಮ ಸ್ಕೂಲ್ "ಚಾಲನಾ ಪಾಠಶಾಲೆ" ಆಗಿದೆ, ನಾನು "ಪರಿಣತ ಬೋಧಕಿ" ಆಗಿದ್ದೇನೆ, ಕ್ಲಚ್ಚು "ಹಿಡಿತ" ಆಗಿದೆ. ಅಪ್ಪ ಓದಿ, "ಇದು ಯಾರ ಸ್ಕೂಲು?" ಅಂತ ಕೇಳಿದರು.

ಪ್ರತಿ ಪುಟದಲ್ಲೂ ಹತ್ತು ಸಲ "ಬೆಸ್ಟ್ ಡ್ರೈವಿಂಗ್ ಸ್ಕೂಲ್ ಇನ್ ಸಾಗರ್" ಅಂತ ತುರುಕಿದ್ದರು. ಎರಡು ತಿಂಗಳಾದ ಮೇಲೆ ಫೋನ್ ಬರಲು ಶುರುವಾಯಿತು. ಖುಷಿಯಾಯಿತು. ಆದರೆ ಎಲ್ಲಾ ಹಿಂದಿಯಲ್ಲಿ. ನಾನು ಯಾರೋ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕಿನವರು ಇರಬೇಕು ಅಂದುಕೊಂಡೆ. ಒಂದು ದಿನ ಅಪ್ಪನೇ ಫೋನ್ ಎತ್ತಿದರು. ಆ ಮನುಷ್ಯ ಎಲ್ಲಿದೆ ನಿಮ್ಮ ಆಫೀಸು ಅಂತ ಕೇಳಿದ. ಅಪ್ಪ ತಮಗೆ ಬರುವ ಹಿಂದಿಯಲ್ಲಿ "ತಾಲಾಬ್ ಕೇ ಪಾಸ್" ಅಂದರು. ನಮ್ಮ ಗಣಪತಿ ಕೆರೆ ಅಂತ ಅವರ ಲೆಕ್ಕ. ಅವನೂ "ಹಾಂ ಹಾಂ, ತಾಲಾಬ್ ಮಾಲೂಮ್ ಹೈ" ಅಂದ. ಹತ್ತು ನಿಮಿಷ ಇಬ್ಬರೂ ಕೆರೆ ಸುತ್ತ ಸುತ್ತಿದರು. ಕೊನೆಗೆ ತಿಳಿದದ್ದು ಏನು ಅಂದರೆ, ಅವನು ಇರುವುದು ಮಧ್ಯಪ್ರದೇಶದ ಸಾಗರ್‌ನಲ್ಲಿ. ಅಲ್ಲೂ ಊರಿನ ನಡುವೆ ಒಂದು ದೊಡ್ಡ ಕೆರೆ ಇದೆಯಂತೆ! ಇನ್ನೂ ಮಜಾ ಅಂದರೆ ನಮ್ಮ ಆರ್‌ಟಿಓ ಕೆಎ-15, ಅವರದು ಎಂಪಿ-15.

ಕಂಪನಿಯವರನ್ನು ಕೇಳಿದೆ. "ಮೇಡಂ, ಟ್ರಾಫಿಕ್ ಮೂರು ಪಟ್ಟು ಆಗಿದೆ ನೋಡಿ" ಅಂತ ವೆಬ್‌ಸೈಟಿಗೆ ಬಂದವರ ಗ್ರಾಫ್ ತೋರಿಸಿದರು. ಗ್ರಾಫ್ ಏನೋ ಮೇಲೆ ಹೋಗಿದೆ. ನನ್ನ ಕಾರು ಮಾತ್ರ ಶೆಡ್ಡಿನಲ್ಲೇ ಇದೆ.

ಈಗ ಅವರು ಹೊಸ ಉಪಾಯ ಹೇಳುತ್ತಿದ್ದಾರೆ. ಮ್ಯಾಪ್‌ನಲ್ಲಿ ಸೊರಬ, ಹೊಸನಗರ, ಶಿವಮೊಗ್ಗ ಮೂರೂ ಕಡೆ ನಮ್ಮ ಸ್ಕೂಲ್ ಇರುವ ಹಾಗೆ ಹಾಕೋಣ, ಪರಿಚಯದವರ ಮನೆ ವಿಳಾಸ ಕೊಡಿ ಅಂತಾರೆ. ಹೆಸರನ್ನೂ "ಬೆಸ್ಟ್ ಕಾರ್ ಡ್ರೈವಿಂಗ್ ಕ್ಲಾಸಸ್ ಸಾಗರ್" ಅಂತ ಬದಲಿಸೋಣ ಅಂತಾರೆ. ನಮಗೆ ಲೈಸೆನ್ಸ್ ಇರುವುದು ಒಂದು ವಿಳಾಸಕ್ಕೆ. ಆರ್‌ಟಿಓ ಒಪ್ಪಿಗೆ ಇಲ್ಲದೆ ಆಫೀಸನ್ನು ಪಕ್ಕದ ಬೀದಿಗೂ ಸಾಗಿಸುವ ಹಾಗಿಲ್ಲ. ಅಪ್ಪನಂತೂ, "ಕಾರಿನ ಮೇಲೆ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಹೆಸರಾ? ನಾಳೆ ಇನ್‌ಸ್ಪೆಕ್ಟರ್ ಕೇಳಿದರೆ ನೀನೇ ಉತ್ತರ ಕೊಡು" ಅಂದುಬಿಟ್ಟರು.

ನನಗೆ ಲೋಕ ಗೆಲ್ಲುವುದು ಬೇಡ. ಸಾಗರ ಪೇಟೆ, ತಾಳಗುಪ್ಪ, ಆನಂದಪುರ, ಸೊರಬ–ಹೊಸನಗರದ ಈ ಕಡೆಯ ಹಳ್ಳಿಗಳು, ಇಷ್ಟು ಜನಕ್ಕೆ ನಾವು ಕಂಡರೆ ಸಾಕು. ಅದಕ್ಕೆ ಏನು ಮಾಡಬೇಕು? ಈ ಕಂಪನಿಯನ್ನು ಬಿಡಲಾ? ಇನ್ನೊಂದು ವಿಷಯ: ಮ್ಯಾಪ್‌ನಲ್ಲಿ ನಮ್ಮ ಹಳೇ ಗುರುತು ಒಂದಿದೆ, ಯಾರು ಹಾಕಿದ್ದೋ ಗೊತ್ತಿಲ್ಲ. ಪಿನ್ ಸರಿಯಾಗಿ ಗಣಪತಿ ಕೆರೆಯ ನೀರಿನೊಳಗೆ ಕೂತಿದೆ. ಫೋನ್ ನಂಬರ್ ನಾವು ಯಾವತ್ತೋ ತೆಗೆಸಿದ ಲ್ಯಾಂಡ್‌ಲೈನು.

---

ಪಿನ್‌ಕೋಡ್_ಮಾವ ಬರೆದದ್ದು:

ಕಾರನ್ನು ನೀರಿಗೆ ಇಳಿಸಿ ಕಲಿಸುವ ಸ್ಕೂಲ್ ಇದೊಂದೇ ಇರಬೇಕು ಮೇಡಂ. ನಕ್ಕಿದ್ದಕ್ಕೆ ಕ್ಷಮಿಸಿ.

ನಾನು ಶಿವಮೊಗ್ಗದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಬಿಡುವಿನಲ್ಲಿ ಸುತ್ತಲಿನ ಅಂಗಡಿಯವರಿಗೆ ಈ ಮ್ಯಾಪ್ ಕೆಲಸ ಮಾಡಿಕೊಡುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ನಿಮ್ಮ ಕಂಪನಿ ತಲೆಯ ಕಡೆ ಇಡಬೇಕಾದ್ದನ್ನು ಬಾಲದ ಕಡೆ ಇಟ್ಟಿದೆ. ನಿಮ್ಮಂಥ ಕಸುಬಿಗೆ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ನಿಮ್ಮ ಹೆಸರು, ವಿಳಾಸ, ನಂಬರ್ ತೋರಿಸುವ ಪುಟ), ಆಮೇಲೆ ವೆಬ್‌ಸೈಟ್. 2021ರವರೆಗೆ ಅದನ್ನು ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. ಕಾಸಿಲ್ಲ, ಪುಕ್ಕಟೆ. ಯಾರಾದರೂ ಸಾಗರದಲ್ಲಿ ನಿಂತು "ಡ್ರೈವಿಂಗ್ ಸ್ಕೂಲ್" ಅಂತ ಹುಡುಕಿದರೆ ಮ್ಯಾಪ್ ಜೊತೆ ಮೂರು ಹೆಸರು ಬರುತ್ತವಲ್ಲ, ಆ ಮೂರರಲ್ಲಿ ನೀವು ಇರಬೇಕು. ಅಷ್ಟೇ ಆಟ. ಬೆರಳಿನಿಂದ ಕೆಳಗೆ ಸರಿಸಿ ವೆಬ್‌ಸೈಟ್ ನೋಡುವ ತಾಳ್ಮೆ ತುಂಬಾ ಜನಕ್ಕೆ ಇಲ್ಲ.

ಆ ಮೂರನ್ನು ಹೇಗೆ ಆರಿಸುತ್ತೇವೆ ಅಂತ ಗೂಗಲ್ಲೇ ಹೇಳಿಕೊಂಡಿದೆ. ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಹುಡುಕಿದವರಿಂದ ಎಷ್ಟು ದೂರ ಇದ್ದೀರಿ, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತಿದೆ. ದೂರ ನಿಮ್ಮ ಕೈಯಲ್ಲಿಲ್ಲ. ಸೊರಬದಲ್ಲಿ ನಿಂತವನಿಗೆ ಸೊರಬದ್ದೇ ಮೊದಲು ಕಾಣುತ್ತದೆ, ಅದಕ್ಕೆ ಕೊರಗಬೇಡಿ. ಉಳಿದ ಎರಡು ನಿಮ್ಮ ಕೈಯಲ್ಲಿವೆ.

ಹೆಸರಿನ ವಿಷಯದಲ್ಲಿ ನಿಮ್ಮ ಅಪ್ಪ ಹೇಳಿದ್ದೇ ಸರಿ. ನೂರಕ್ಕೆ ನೂರು. ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರು ಹಾಕಬೇಕು, "ಬೆಸ್ಟ್" "ಚೀಪ್" ಊರಿನ ಹೆಸರು ಅಂತ ಬಾಲ ಅಂಟಿಸಬಾರದು ಅನ್ನುವುದು ಗೂಗಲ್‌ನ ನಿಯಮ. ನಿಮಗಂತೂ ಇದು ಸುಲಭ. ಡ್ರೈವಿಂಗ್ ಸ್ಕೂಲ್ ಕಾರಿನ ಮೇಲೆ ಹೆಸರು, ವಿಳಾಸ, ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆಸಬೇಕು ಅಂತ 1989ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ನೀವು ಬರೆಸಿಯೂ ಇರುತ್ತೀರಿ. ಕಾರಿನ ಬಾಗಿಲು ನೋಡಿ ಹಾಗೇ ನಕಲು ಮಾಡಿ. ಪ್ರೊಫೈಲ್, ವೆಬ್‌ಸೈಟ್, ಜಸ್ಟ್‌ಡಯಲ್, ಫೇಸ್‌ಬುಕ್, ಎಲ್ಲಾ ಕಡೆ ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರ್. ಒಂದು ಕಡೆ ಬಿ.ಎಚ್. ರಸ್ತೆ, ಇನ್ನೊಂದು ಕಡೆ ಮೇನ್ ರೋಡ್ ಅಂತಿದ್ದರೆ ಯಂತ್ರಕ್ಕೆ ಇದು ಒಂದೇ ಅಂಗಡಿಯಾ ಎರಡಾ ಅಂತ ಅನುಮಾನ.

ಮೂರು ಊರಿನ ಸುಳ್ಳು ಪಿನ್ ಬೇಡವೇ ಬೇಡ. ನಿಮ್ಮವರು ಯಾರೂ ಕೂರದ ಜಾಗಕ್ಕೆ ಪ್ರೊಫೈಲ್ ಮಾಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಅಸಲಿಯೂ ಹೋಗುತ್ತದೆ. ನೀವು ಕಲಿಯುವವರನ್ನು ಮನೆ ಹತ್ತಿರದಿಂದಲೇ ಕಾರಿಗೆ ಹತ್ತಿಸಿಕೊಳ್ಳುತ್ತೀರಾ? ಹಾಗಿದ್ದರೆ ಆಫೀಸ್ ವಿಳಾಸದ ಜೊತೆಗೆ ಸರ್ವಿಸ್ ಏರಿಯಾ ಅಂತ ಊರುಗಳನ್ನು ಸೇರಿಸಬಹುದು. ಇಪ್ಪತ್ತರವರೆಗೆ ಬಿಡುತ್ತದೆ. ಅದರಿಂದ ಆ ಊರುಗಳಲ್ಲಿ ಮೇಲೆ ಬರುತ್ತೀರಿ ಅಂತಲ್ಲ, ನೋಡಿದವರಿಗೆ "ಓ, ಇಲ್ಲಿಗೂ ಬರುತ್ತಾರೆ" ಅಂತ ಗೊತ್ತಾಗುತ್ತದೆ ಅಷ್ಟೆ.

ಈಗ ಕೆರೆಯೊಳಗಿನ ಪಿನ್. ಅದನ್ನು ಬಿಟ್ಟು ಹೊಸದು ಮಾಡಬೇಡಿ, ಎರಡೆರಡು ಆಗಿ ಗೊಂದಲ. ಅದನ್ನೇ ತೆರೆದು "ಈ ವ್ಯವಹಾರ ನಿಮ್ಮದೇ?" ಅಂತ ಇರುವಲ್ಲಿ ಒತ್ತಿ. ಯಾರೂ ಹಕ್ಕು ಹೇಳಿರದಿದ್ದರೆ ನಿಮಗೇ ಸಿಗುತ್ತದೆ. ಬೇರೆ ಯಾರದೋ ಜಿಮೇಲ್‌ನಲ್ಲಿದ್ದರೆ ಅವರಿಗೆ ಮನವಿ ಹೋಗುತ್ತದೆ. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ರಸ್ತೆಯಿಂದ ಶುರು ಮಾಡಿ, ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡ್, ಬೀಗ ತೆಗೆದು ಒಳಗೆ ಹೋಗುವುದು, ಗೋಡೆಗೆ ಹಾಕಿದ ಲೈಸೆನ್ಸ್, ಹೊರಗೆ ನಿಂತ ಕಾರು. ಎಲ್ಲಾ ಒಂದೇ ಏಟಿಗೆ, ಮಧ್ಯೆ ಕತ್ತರಿಸದೆ. ಲೈಸೆನ್ಸ್ ಇರುವ ಕಸುಬಿನವರಿಗೆ ಇಲ್ಲಿ ಲಾಭ. ತೋರಿಸಲು ನಿಮ್ಮ ಹತ್ತಿರ ಏನಾದರೂ ಇದೆ.

ಮಧ್ಯಪ್ರದೇಶದ ಕಾಟಕ್ಕೆ: ವೆಬ್‌ಸೈಟಿನಲ್ಲಿ ಬರೀ "ಸಾಗರ್" ಅಂತ ಎಲ್ಲೂ ಇರಬಾರದು. ಆ ಸಾಗರ್ ನಮ್ಮ ಸಾಗರಕ್ಕಿಂತ ತುಂಬಾ ದೊಡ್ಡ ಊರು, ಆ ಪದಕ್ಕೆ ನೀವು ಜಗಳಕ್ಕೆ ನಿಂತರೆ ಸೋಲುವುದೇ. ಗೆದ್ದರೂ ನಷ್ಟ! ಮೇಲಿಂದ ಹುಡುಗರ ಹೆಸರು ಸಾಗರ್, ಬೆಂಗಳೂರಿನಲ್ಲಿ ಗಲ್ಲಿಗೊಂದು ಸಾಗರ್ ಹೋಟೆಲ್. ತಲೆಬರಹದಲ್ಲೇ "ಸಾಗರ, ಶಿವಮೊಗ್ಗ ಜಿಲ್ಲೆ" ಅಂತ ಬರಲಿ. ಕೆಳಗೆ ಪೂರ್ತಿ ವಿಳಾಸ, 577401, ಕೆಎ-15. ಇಂಗ್ಲಿಷ್ ಪುಟದಲ್ಲಿ ಸಾಗರಕ್ಕೆ ಕೊನೆಯ 'ಎ' ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಶಿವಮೊಗ್ಗಕ್ಕೂ ಹಾಗೆಯೇ. 2014ರ ನವೆಂಬರ್ 1ಕ್ಕೆ ಶಿಮೊಗ ಹೋಗಿ ಶಿವಮೊಗ್ಗ ಆಯಿತು, ಆದರೆ ಜನರ ಬೆರಳು ಇನ್ನೂ ಹಳೆಯದನ್ನೇ ಒತ್ತುತ್ತದೆ.

ಆ ಗ್ರಾಫ್ ಬಗ್ಗೆ ಒಂದು ಮಾತು. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲಿ ಅವರು ಯಾವ ಊರಿನವರು ಅಂತ ನೋಡಲು ಬರುತ್ತದೆ. ಆ ಪುಟ ತೋರಿಸಿ ಅಂತ ಕೇಳಿ. ಬೇಕಾದರೆ ಪಂದ್ಯ ಕಟ್ಟುತ್ತೇನೆ, ಭೋಪಾಲ್, ಇಂದೋರ್ ಎಲ್ಲಾ ಇರುತ್ತದೆ. ಕಂಪನಿ ಬಿಡುವ ಮೊದಲು ಡೊಮೇನ್ (ವೆಬ್‌ಸೈಟಿನ ಹೆಸರು), ವೆಬ್‌ಸೈಟ್ ಪಾಸ್‌ವರ್ಡ್, ಪ್ರೊಫೈಲ್ ಮಾಲೀಕತ್ವ ಎಲ್ಲಾ ನಿಮ್ಮ ಜಿಮೇಲ್‌ಗೆ ಬರಲಿ. ಇದನ್ನು ಮರೆತು ಅತ್ತವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

---

ಜೋಗದ_ದಾರಿಯಲ್ಲಿ ಬರೆದದ್ದು:

ಅಕ್ಕ, ಹೆಸರು ಬದಲಿಸುವ ಮಾತು ಓದಿ ನನ್ನ ಹೊಟ್ಟೆ ಚುರುಕ್ ಅಂದಿತು. ನಾನು ಆ ಹೊಂಡಕ್ಕೆ ಬಿದ್ದು ಎದ್ದು ಬಂದವನು.

ನಮ್ಮದು ತಾಳಗುಪ್ಪದಿಂದ ಜೋಗದ ಕಡೆ ಹೋಗುವಾಗ ಸಿಗುವ ಹೋಂಸ್ಟೇ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆದದ್ದು. ಯಾರೋ ಹೇಳಿದರು ಅಂತ ಮ್ಯಾಪ್‌ನಲ್ಲಿ ಮನೆ ಹೆಸರಿನ ಮುಂದೆ "ಬೆಸ್ಟ್ ಹೋಂಸ್ಟೇ ನಿಯರ್ ಜೋಗ್ ಫಾಲ್ಸ್" ಅಂತ ಸೇರಿಸಿದೆ. ನಿಜ ಹೇಳಬೇಕು, ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಪ್ರೊಫೈಲೇ ಇಲ್ಲ, ಅಮಾನತು. ಅದೂ ಆಗಸ್ಟ್‌ನಲ್ಲಿ, ಜೋಗ ತುಂಬಿ ಹರಿಯುವಾಗ. ನೋಂದಣಿ ಪತ್ರ, ಕರೆಂಟ್ ಬಿಲ್, ಬೋರ್ಡಿನ ಫೋಟೋ ಎಲ್ಲಾ ಕಳಿಸಿ, ಹೆಸರು ಮೊದಲಿನ ಹಾಗೆ ಮಾಡಿ, ವಾಪಸ್ ಬರುವಷ್ಟರಲ್ಲಿ ಸೀಸನ್ನೇ ಮುಗಿದಿತ್ತು. ತಪ್ಪು ನನ್ನದೇ, ಯಾರನ್ನು ಬೈಯಲಿ.

ರಿವ್ಯೂ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕೇಳುವುದರಲ್ಲಿ ತಪ್ಪಿಲ್ಲ. ಕೇಳಲೇಬೇಕು, ನಮ್ಮ ಕಡೆ ಜನ ಖುಷಿಯಾದರೂ ಸುಮ್ನೆ ನಕ್ಕು ಹೋಗುತ್ತಾರೆ. ಆದರೆ ರಿವ್ಯೂ ಹಾಕಿದರೆ ಇನ್ನೂರು ರೂಪಾಯಿ ಕಡಿಮೆ ಅನ್ನುವ ಹಾಗಿಲ್ಲ, ಅದು ನಿಯಮಕ್ಕೆ ವಿರುದ್ಧ. ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸುವುದೂ ಹಾಗೇ. ಮತ್ತೆ ಒಂದೇ ದಿನ ನೆಂಟರಿಷ್ಟರಿಂದ ಹದಿನೈದು ಹಾಕಿಸುವುದು, ಅಯ್ಯೋ, ಅದು ನೋಡಿದರೇ ಗೊತ್ತಾಗುತ್ತದೆ. ಎಲ್ಲಾ ಒಂದೇ ಮನೆತನದ ಹೆಸರು!

ನಿಮ್ಮ ಕಸುಬಿನಲ್ಲಿ ಕೇಳಲು ಒಂದು ಒಳ್ಳೇ ಗಳಿಗೆ ಇದೆ, ನಮಗೆ ಅದಿಲ್ಲ. ಟೆಸ್ಟ್ ಪಾಸಾದ ದಿನ. ಅವತ್ತು ಸಂಜೆ ಅವರು ಮನೆಯವರಿಗೆಲ್ಲ ಫೋನ್ ಮಾಡುತ್ತಿರುತ್ತಾರೆ. ಆಗ ಒಂದು ವಾಟ್ಸಾಪ್ ಕಳಿಸಿ. "ಚೆನ್ನಾಗಿದೆ ಅಂತ ಬರೆಯಿರಿ" ಅನ್ನಬೇಡಿ, "ಎಲ್ಲಿಂದ ಬರುತ್ತಿದ್ದಿರಿ, ಯಾವುದು ಕಷ್ಟ ಆಯಿತು, ಹೇಗೆ ಸರಿಹೋಯಿತು, ನಿಮಗೆ ಅನಿಸಿದ್ದು ಬರೆಯಿರಿ" ಅನ್ನಿ. ಆಗ ಅವರಾಗೇ "ನಾನು ಆನಂದಪುರದಿಂದ ಬರುತ್ತಿದ್ದೆ, ರಿವರ್ಸ್ ಬರುತ್ತಿರಲಿಲ್ಲ" ಅಂತ ಬರೆಯುತ್ತಾರೆ. ಊರಿನ ಹೆಸರು ನೀವು ತುರುಕುವುದಕ್ಕಿಂತ ಕಲಿತವರ ಬಾಯಲ್ಲಿ ಬಂದರೆ ಅದರ ತೂಕವೇ ಬೇರೆ. ಬಂದ ಎಲ್ಲಾ ರಿವ್ಯೂಗೂ ಎರಡು ಸಾಲು ಉತ್ತರ ಬರೆಯಿರಿ. ಬೈದವರಿಗೆ ಮೊದಲು ಬರೆಯಿರಿ.

---

ಹಳೇ_ಹ್ಯಾಂಡ್‌ಬ್ರೇಕ್ ಬರೆದದ್ದು:

ತಂಗಿ, ನಾನೂ ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನು, ಹಾಸನದ ಕಡೆ. ಬೇಜಾರು ಮಾಡಿಕೊಳ್ಳಬೇಡ, ಈ ಎಸ್‌ಇಓ ಎಲ್ಲಾ ಬೆಂಗಳೂರಿನವರಿಗೆ. ಸಣ್ಣ ಊರಿನಲ್ಲಿ ಬಾಯಿಮಾತೇ ಎಸ್‌ಇಓ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೋರ್ಡು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಪಾಂಪ್ಲೆಟ್ಟು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರ ಹಂಚಿಸು. ಹದಿನೆಂಟು ತುಂಬಿದ ಹುಡುಗರು ರಜೆಯಲ್ಲಿ ಬರುತ್ತಾರೆ. ಆ ಒಂಬತ್ತು ಸಾವಿರಕ್ಕೆ ಕಾರಿಗೆ ಹೊಸ ಟಯರ್ ಬರುತ್ತದೆ.

---

ಎಲ್‌ಬೋರ್ಡ್_ಅಕ್ಕ ಬರೆದದ್ದು:

ಅಣ್ಣಾ, ಬೇಜಾರೇನಿಲ್ಲ, ನಮ್ಮಪ್ಪನ ಮಾತು ಕೇಳಿದ ಹಾಗೇ ಆಯಿತು. ಬಾಯಿಮಾತು ಈಗಲೂ ಇದೆ. ಆದರೆ ಈಗ ಬಾಯಿಮಾತು ಕೇಳಿದವರೂ ಸೀದಾ ಆಫೀಸಿಗೆ ಬರುವುದಿಲ್ಲ. ನಂಬರ್‌ಗೆ ಅಂತ ನಮ್ಮ ಹೆಸರು ಹೊಡೆಯುತ್ತಾರೆ. ಹೊಡೆದರೆ ಸತ್ತುಹೋದ ಲ್ಯಾಂಡ್‌ಲೈನ್ ಬರುತ್ತದೆ, ಪಕ್ಕದಲ್ಲೇ ಇನ್ನೊಂದು ಸ್ಕೂಲ್ ನಂಬರ್ ಬರುತ್ತದೆ. ನಮ್ಮ ಬಾಯಿಮಾತಿನ ಫಲ ಅವರು ತಿನ್ನುತ್ತಿದ್ದಾರೆ! ಟಯರ್ ಮಾತು ಮಾತ್ರ ಒಪ್ಪಿದೆ.

ಮಾವ ಹೇಳಿದ ಹಾಗೆ ಊರುಗಳ ಪಟ್ಟಿ ಕೇಳಿದೆ. ಎರಡು ದಿನ ಸುಮ್ಮನಿದ್ದು ಆಮೇಲೆ ಕಳಿಸಿದರು. ಪಂದ್ಯ ಕಟ್ಟಿದ್ದರೆ ನೀವೇ ಗೆಲ್ಲುತ್ತಿದ್ದಿರಿ.

---

ಸಿದ್ದಾಪುರದ_ಸೊಸೆ ಬರೆದದ್ದು:

ನಾನು ಅಂಗಡಿಯವಳೂ ಅಲ್ಲ, ಕಂಪ್ಯೂಟರಿನವಳೂ ಅಲ್ಲ. ಹೋದ ವರ್ಷ ಕಾರು ಕಲಿತವಳು, ಹುಡುಕಿದವಳು ಏನು ಹುಡುಕುತ್ತಾಳೆ ಅಂತ ಹೇಳಬಹುದು ಅಂತ ಬರೆಯುತ್ತಿದ್ದೇನೆ.

ನಾನು "ಡ್ರೈವಿಂಗ್ ಸ್ಕೂಲ್" ಅಂತ ಹುಡುಕಿದ್ದು ಒಂದೇ ಸಲ. ಆಮೇಲೆಲ್ಲ ಹುಡುಕಿದ್ದು ಬೇರೆ. "ಲೇಡೀಸ್‌ಗೆ ಕಾರ್ ಕ್ಲಾಸ್", "ಲೇಡಿ ಟೀಚರ್ ಇರುವ ಡ್ರೈವಿಂಗ್ ಕ್ಲಾಸ್", "ಲೈಸೆನ್ಸ್ ಇದೆ ಆದರೆ ಗಾಡಿ ಓಡಿಸಲು ಭಯ". ಹೌದು, ಹೀಗೇ ಹುಡುಕಿದೆ, ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ. ನಮ್ಮತ್ತೆಯೂ ಯೂಟ್ಯೂಬ್‌ನಲ್ಲಿ ಹಾಗೇ ಹುಡುಕುತ್ತಾರೆ, ಟೈಪ್ ಮಾಡುವುದು ಯಾರಿಗೆ ಬೇಕು. ಯಾವ ಸ್ಕೂಲಿನ ಪುಟದಲ್ಲೂ ಹೆಂಗಸರು ಕಲಿಸುತ್ತಾರೋ ಇಲ್ಲವೋ ಅಂತ ಬರೆದಿರಲಿಲ್ಲ. ಫೋನ್ ಮಾಡಿ ಕೇಳಲು ಸಂಕೋಚ. ಕೊನೆಗೆ ಶಿರಸಿಯಲ್ಲಿ ಸೇರಿಕೊಂಡೆ, ಅಲ್ಲೂ ಗಂಡಸರೇ.

ಈಗ ನಿಮ್ಮ ಬರಹದಲ್ಲಿ "ಕಲಿಸುವವರು ನಾನು" ಅಂತ ಒಂದು ಸಾಲು ಓದಿದೆ. ಅಕ್ಕ, ಇದನ್ನು ನೀವು ನಿಮ್ಮ ವೆಬ್‌ಸೈಟಿನಲ್ಲಿ ಎಲ್ಲಾದರೂ ಬರೆದಿದ್ದೀರಾ? ನನಗೆ ಸಾಗರ ಶಿರಸಿಗಿಂತ ಹತ್ತಿರ, ವಾರಕ್ಕೊಮ್ಮೆ ಪೇಟೆಗೆ ಅಂತ ಬರುತ್ತಲೇ ಇರುತ್ತೇನೆ.

---

ಎಲ್‌ಬೋರ್ಡ್_ಅಕ್ಕ ಬರೆದದ್ದು:

ಬರೆದಿಲ್ಲ. "ಪರಿಣತ ಬೋಧಕಿ" ಅಂತ ಯಂತ್ರ ಬರೆದದ್ದು ಬಿಟ್ಟರೆ ಎಲ್ಲೂ ಇಲ್ಲ. ಲೈಸೆನ್ಸ್ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಅಂತ ನನ್ನ ಹೆಸರು ಗೋಡೆಗೆ ಹಾಕಿದೆ, ಅದು ಸಾಕು ಅಂದುಕೊಂಡಿದ್ದೆ. ಗೋಡೆ ನೋಡಲು ಮೊದಲು ಒಳಗೆ ಬರಬೇಕು, ಅಲ್ವಾ.

ಇನ್ನೊಂದು ನಿಜ ಹೇಳಲಾ? ಸಿದ್ದಾಪುರದಿಂದ ಫೋನ್ ಬಂದರೆ ಅಪ್ಪ "ಅದು ಉತ್ತರ ಕನ್ನಡ ಜಿಲ್ಲೆ, ಶಿರಸಿ ಆರ್‌ಟಿಓ, ಕೆಎ-31, ಅಲ್ಲೇ ನೋಡಿ" ಅಂತ ಇಟ್ಟುಬಿಡುತ್ತಾರೆ.

---

ಪಿನ್‌ಕೋಡ್_ಮಾವ ಬರೆದದ್ದು:

ಅಯ್ಯೋ ಮೇಡಂ, ಅದು ಹಳೇ ಲೆಕ್ಕ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಲೈಸೆನ್ಸ್‌ಗೆ ರಾಜ್ಯದ ಒಳಗಿನ ಯಾವ ಆರ್‌ಟಿಓದಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಸ್ಕೂಲ್‌ನ ಪರವಾನಗಿ ಒಂದು ಊರಿಗೆ ಕಟ್ಟಿದ್ದು. ಕಲಿಯುವವರಿಗೆ ಆ ಹಗ್ಗ ಇಲ್ಲ. ನಿಮ್ಮ ಆರ್‌ಟಿಓ ಕೌಂಟರಿನಲ್ಲಿ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಇದನ್ನೇ ಒಂದು ಪುಟ ಬರೆಯಿರಿ: "ಸಿದ್ದಾಪುರದವರು ಸಾಗರದಲ್ಲಿ ಕಲಿತು ಲೈಸೆನ್ಸ್ ಮಾಡಿಸಬಹುದಾ?" ಅಂತ. ಇಂಥ ಪುಟ ಬೆಂಗಳೂರಿನ ಯಾವ ಕಂಪನಿಗೂ ಬರೆಯಲು ಬರುವುದಿಲ್ಲ, ಅವರಿಗೆ ಸಿದ್ದಾಪುರ ಎಲ್ಲಿದೆ ಅಂತ ಗೊತ್ತಿದ್ದರೆ ತಾನೆ.

ಊರೂರಿಗೆ ಒಂದು ಪುಟ ಮಾಡಿ ಊರಿನ ಹೆಸರು ಮಾತ್ರ ಬದಲಿಸುತ್ತಾರಲ್ಲ, ಅದನ್ನು ಮಾಡಬೇಡಿ. ಅದನ್ನು ಗೂಗಲ್ ಸ್ಪ್ಯಾಮ್ ಅನ್ನುತ್ತದೆ. ಆ ಊರಿನವರಿಗೇ ಬೇಕಾದ ಮಾತು ಇದ್ದರೆ ಮಾತ್ರ ಪುಟ. ಇಲ್ಲದಿದ್ದರೆ ಬೇಡ.

ನಿಮ್ಮ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಡಿ. ಬಂದವರು, ಫೋನ್ ಮಾಡಿದವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆದಮೇಲೆ ಎಷ್ಟು ದಿನಕ್ಕೆ ಟೆಸ್ಟ್? ಮೂವತ್ತು ದಿನ. ಎಲ್‌ಎಲ್ ಎಷ್ಟು ದಿನ ನಡೆಯುತ್ತದೆ? ಆರು ತಿಂಗಳು. 2024ರ ಜೂನ್ ಹೊತ್ತಿಗೆ "ಇನ್ನು ಆರ್‌ಟಿಓ ಟೆಸ್ಟೇ ಇಲ್ಲ, ಡ್ರೈವಿಂಗ್ ಸ್ಕೂಲಿನವರೇ ಲೈಸೆನ್ಸ್ ಕೊಡುತ್ತಾರೆ" ಅಂತ ವಾಟ್ಸಾಪ್‌ನಲ್ಲಿ ಓಡಿತ್ತಲ್ಲ, ನಿಮಗೂ ಫೋನ್ ಬಂದಿರಬೇಕು. ನಿಯಮ ಏನೂ ಬದಲಾಗಿಲ್ಲ ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ಸ್ಪಷ್ಟ ಮಾಡಿತು. ಮಾನ್ಯತೆ ಪಡೆದ ದೊಡ್ಡ ತರಬೇತಿ ಕೇಂದ್ರಗಳ ಕಥೆ ಬೇರೆ, ನಮ್ಮಂಥ ಊರಿನ ಮಾಮೂಲಿ ಸ್ಕೂಲ್‌ಗಳ ಕಥೆ ಬೇರೆ. ಅದನ್ನು ನಾಲ್ಕು ಸಾಲಿನಲ್ಲಿ ನೀವು ಬರೆದಿದ್ದರೆ ಅವತ್ತು ಅರ್ಧ ಮಲೆನಾಡು ನಿಮ್ಮ ಪುಟಕ್ಕೆ ಬರುತ್ತಿತ್ತು.

ಜಾಹೀರಾತಿಗೆ ಕಾಸು ಹಾಕುವುದಿದ್ದರೆ ಒಂದು ಎಚ್ಚರ. ಜಾಗ ಆರಿಸುವಾಗ ಆ ಜಾಗದಲ್ಲಿ ಇರುವವರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ಇರುವವರು ಅಂತ ತಾನಾಗೇ ಗುರುತಾಗಿರುತ್ತದೆ. ಇರುವವರು ಮಾತ್ರ ಅಂತ ಬದಲಿಸಿ. ಇಲ್ಲದಿದ್ದರೆ ಮತ್ತೆ ತಾಲಾಬ್ ಕೇ ಪಾಸ್.

---

ಎಲ್‌ಬೋರ್ಡ್_ಅಕ್ಕ ಬರೆದದ್ದು (ಮೂರೂವರೆ ತಿಂಗಳ ನಂತರ):

ಏನಾಯಿತು ಅಂತ ಮೂವರು ಮೆಸೇಜ್ ಮಾಡಿ ಕೇಳಿದರು, ಹಾಗಾಗಿ ಬರೆಯುತ್ತಿದ್ದೇನೆ.

ಕಂಪನಿಯನ್ನು ಬಿಟ್ಟೆ. ಪಾಸ್‌ವರ್ಡ್ ಎಲ್ಲಾ ತೆಗೆದುಕೊಂಡ ಮೇಲೆ. ಪಿನ್ ನೀರಿನಿಂದ ಮೇಲೆ ಬಂತು. ಅದನ್ನು ಹಾಕಿದ್ದು ನಮ್ಮ ಚಿಕ್ಕಪ್ಪನ ಮಗನಂತೆ, ಕಾಲೇಜಿನಲ್ಲಿದ್ದಾಗ! ಅವನಿಗೆ ಆ ಜಿಮೇಲ್‌ನ ಪಾಸ್‌ವರ್ಡ್ ನೆನಪಿಲ್ಲ. ಮನವಿ ಕಳಿಸಿ, ಕಾದು, ಆಮೇಲೆ ವಿಡಿಯೋ ಮಾಡಿ ಕಳಿಸಿದೆ. ಮೊದಲ ವಿಡಿಯೋ ತಿರಸ್ಕಾರ ಆಯಿತು. ಅಪ್ಪ ಅಡ್ಡ ಬಂದು ಬೋರ್ಡೇ ಕಾಣಲಿಲ್ಲ. ಎರಡನೇ ಸಲ ಸರಿಯಾಯಿತು.

ವೆಬ್‌ಸೈಟನ್ನು ನಾನೇ ಕೂತು ಬರೆದೆ. ನಾಲ್ಕೇ ಪುಟ, ಕನ್ನಡದಲ್ಲಿ. ಕ್ಲಚ್ಚು ಮತ್ತೆ ಕ್ಲಚ್ಚಾಗಿದೆ. ಮೊದಲ ಸಾಲೇ "ಸಾಗರದಲ್ಲಿ ಹೆಂಗಸರಿಗೆ ಹೆಂಗಸರೇ ಕಾರು ಕಲಿಸುತ್ತೇವೆ, ಬೆಳಿಗ್ಗೆ ಹತ್ತೂವರೆಯ ಬ್ಯಾಚ್" ಅಂತ. ಹತ್ತೂವರೆ ಯಾಕೆ ಅಂದರೆ, ಮಕ್ಕಳನ್ನು ಶಾಲೆಗೆ ಕಳಿಸಿ, ತಿಂಡಿ ಪಾತ್ರೆ ತೊಳೆದು, ಬಸ್ಸು ಹತ್ತಿ ಬರಲು ಅಷ್ಟು ಹೊತ್ತಾಗುತ್ತದೆ. ನೋಟ್‌ಬುಕ್‌ನಲ್ಲಿ ಏಳು ಜನ ಇದನ್ನೇ ಕೇಳಿದ್ದರು. "ಲೈಸೆನ್ಸ್ ಇದೆ, ಭಯ" ಅನ್ನುವವರಿಗೆ ಹತ್ತು ದಿನದ ಬೇರೆ ಕ್ಲಾಸ್ ಮಾಡಿದ್ದೇನೆ, ಅದಕ್ಕೂ ಒಂದು ಪುಟ.

ಈಗ ಪ್ರೊಫೈಲ್‌ನಿಂದ ವಾರಕ್ಕೆ ಎಂಟು ಹತ್ತು ಫೋನ್ ಬರುತ್ತವೆ. ಕಂಪನಿಯವರ ಗ್ರಾಫ್ ಮುಂದೆ ಇದು ಏನೂ ಅಲ್ಲ. ಆದರೆ ಎಲ್ಲಾ ಕನ್ನಡದಲ್ಲಿ! ಹೋದ ತಿಂಗಳು ಸೇರಿದ ಹದಿನಾಲ್ಕು ಜನರಲ್ಲಿ ಒಂಬತ್ತು ಹೆಂಗಸರು. ರಿವ್ಯೂ ಹನ್ನೊಂದಾಗಿದೆ. ಒಂದರಲ್ಲಿ "ಮೇಡಂ ಚೆನ್ನಾಗಿ ಬೈಯುತ್ತಾರೆ" ಅಂತಿದೆ, ನಕ್ಷತ್ರ ಐದು ಕೊಟ್ಟಿದ್ದಾರೆ. ಧನ್ಯವಾದ ಅಂತ ಉತ್ತರ ಬರೆದೆ, ಇನ್ನೇನು ಬರೆಯಲಿ.

ನಾನು ಎಣಿಸಿರದ ಒಂದು ಸಂಗತಿ ಸಿಕ್ಕಿತು. ಜನ ಏನು ಹುಡುಕಿ ನಮ್ಮನ್ನು ಕಂಡರು ಅಂತ ಪ್ರೊಫೈಲ್‌ನಲ್ಲಿ ಪಟ್ಟಿ ಬರುತ್ತದಲ್ಲ, ಅದರಲ್ಲಿ ತುಮರಿ ಅಂತ ಇತ್ತು. ಹೊಳೆಯಾಚೆಯವರು! 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಆಗುವವರೆಗೆ ಅವರಿಗೆ ಲಾಂಚ್ ಹಿಡಿದು ಶರಾವತಿ ಹಿನ್ನೀರು ದಾಟಬೇಕಿತ್ತು, ಕೊನೆಯ ಲಾಂಚ್ ತಪ್ಪಿದರೆ ಮುಗಿಯಿತು. ಅಲ್ಲಿಂದ ದಿನಾ ಕ್ಲಾಸಿಗೆ ಬರುವವರು ಇರುತ್ತಾರೆ ಅಂತ ನಮ್ಮ ತಲೆಗೇ ಹೋಗಿರಲಿಲ್ಲ. ಈಗ ಇಬ್ಬರು ಸೇರಿದ್ದಾರೆ. ತುಮರಿ, ಬ್ಯಾಕೋಡಿನವರಿಗೆ ಒಂದು ಪುಟ ಬರೆಯುತ್ತಿದ್ದೇನೆ, ಬಸ್ಸಿನ ಟೈಮ್ ನೋಡಿಕೊಂಡು ಬ್ಯಾಚ್ ಹೊಂದಿಸಬೇಕು.

ಸಿದ್ದಾಪುರದ ಸೊಸೆ, ಬುಧವಾರ ಪೇಟೆ ಕೆಲಸ ಮುಗಿಸಿ ಬರುತ್ತೇನೆ ಅಂದಿದ್ದಿರಿ. ಕಾರು ಇಟ್ಟುಕೊಂಡು ಕಾದೆ. ಬರಲಿಲ್ಲ. ಈ ಬುಧವಾರ ಬನ್ನಿ, ಅಪ್ಪ ಈಗ ಕೆಎ-31 ಅಂತ ಫೋನ್ ಇಡುವುದಿಲ್ಲ.

ಮಾವ, ಒಂದೇ ಪ್ರಶ್ನೆ ಉಳಿದಿದೆ. ಮೊನ್ನೆ ಯಾರೋ ನಮ್ಮ ಪ್ರೊಫೈಲ್‌ಗೆ "ಶಾಶ್ವತವಾಗಿ ಮುಚ್ಚಿದೆ" ಅಂತ ತಿದ್ದುಪಡಿ ಸೂಚಿಸಿದ್ದಾರೆ. ನನಗೆ ಮೇಲ್ ಬಂತು, ತಕ್ಷಣ ತೆಗೆದೆ. ಇದಕ್ಕೆ ಬೇರೆ ಏನಾದರೂ ಮಾಡಬೇಕಾ?

---

ಪಿನ್‌ಕೋಡ್_ಮಾವ ಬರೆದದ್ದು:

ಹಾಗಾದರೆ ನೀವು ಯಾರ ಕಣ್ಣಿಗೋ ಬೀಳಲು ಶುರುವಾಗಿದ್ದೀರಿ ಮೇಡಂ.

ವಾರಕ್ಕೊಮ್ಮೆ ಪ್ರೊಫೈಲ್ ತೆರೆದು ನೋಡಿ, ಮೇಲ್ ಬಂದರೆ ಅವತ್ತೇ ನೋಡಿ. ಹಬ್ಬಕ್ಕೆ ರಜೆ ಇದ್ದರೆ ರಜೆ ಅಂತ ಮೊದಲೇ ಹಾಕಿ. ಬಾಗಿಲು ಹಾಕಿದ್ದನ್ನು ನೋಡಿ ಪಾಪದವರೂ "ಮುಚ್ಚಿದೆ" ಅಂತ ಒತ್ತಿಬಿಡುತ್ತಾರೆ. ತಿಂಗಳಿಗೆ ಎರಡು ಹೊಸ ಫೋಟೋ ಹಾಕುತ್ತಿರಿ, ಕಲಿಯುವವರ ಮುಖ ಬಂದರೆ ಕೇಳಿ ಹಾಕಿ. ಮತ್ತೆ ಇನ್ನೊಬ್ಬರಿಗೂ ಮ್ಯಾನೇಜರ್ ಅಂತ ಹಕ್ಕು ಕೊಟ್ಟಿಡಿ, ನೀವು ಊರಲ್ಲಿ ಇಲ್ಲದಾಗ ಬೇಕಾಗುತ್ತದೆ. ಆ ಚಿಕ್ಕಪ್ಪನ ಮಗನಿಗೆ ಮಾತ್ರ ಬೇಡ.